ಸ್ಕ್ರೀನ್ ಶೇರ್ ಕಪ್ಪಾಗುತ್ತಿದ್ದದ್ದು ಹೀಗೆ ಸರಿಹೋಯ್ತು

ಕೋಲಾರದ ನಮ್ಮ ಟೊಮೆಟೊ ಮಂಡಿ ಲೆಕ್ಕವನ್ನು ಬೆಂಗಳೂರಿನ ಆಡಿಟರ್‌ಗೆ ತೋರಿಸಲು ವಿಡಿಯೊ ಮೀಟಿಂಗ್ ಆ್ಯಪ್‌ನಲ್ಲಿ ಸ್ಕ್ರೀನ್ ಶೇರ್ ಒತ್ತಿದರೆ ಅವರ ಕಡೆ ಬರೀ ಕಪ್ಪು. ಮೌಸಿನ ಬಾಣ ಮಾತ್ರ ಓಡಾಡುತ್ತಿತ್ತು. ಮಾತು ಸ್ಪಷ್ಟವಾಗಿತ್ತು, ಹಾಗಾಗಿ ನೆಟ್ ಬೈಯುವಂತಿರಲಿಲ್ಲ.

ಆ್ಯಪ್ ತೆಗೆದು ಮತ್ತೆ ಹಾಕಿದ್ದು, ಡ್ರೈವರ್ ಅಪ್‌ಡೇಟ್, ಮೊಬೈಲ್ ಹಾಟ್‌ಸ್ಪಾಟ್, ಯಾವುದರಿಂದಲೂ ಆಗಲಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿವೆ. ಪರದೆ ಮೂಡಿಸುವುದು ಒಂದು, ಆ್ಯಪ್ ಓಡುತ್ತಿದ್ದದ್ದು ಇನ್ನೊಂದರಲ್ಲಿ. ಚಿತ್ರ ಸಿಗುವುದಾದರೂ ಎಲ್ಲಿಂದ?

ಮೊದಲು ಆ್ಯಪ್ ಪೂರ್ತಿ ಮುಚ್ಚಿ, ಗಡಿಯಾರದ ಪಕ್ಕದ ಐಕಾನ್‌ನಿಂದಲೂ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ. ಪಟ್ಟಿಯಲ್ಲಿ ಆ್ಯಪ್ ಕಾಣದಿದ್ದರೆ ಸೇರಿಸಿ, ‘ಪವರ್ ಸೇವಿಂಗ್’ (ಪರದೆ ಮೂಡಿಸುವ ಚಿಪ್) ಆರಿಸಿ, ಆ್ಯಪ್ ಮತ್ತೆ ತೆರೆಯಿರಿ. ‘ಹೈ ಪರ್ಫಾರ್ಮೆನ್ಸ್’ ಕೇಳಲು ಚೆಂದ, ಇಲ್ಲಿ ಅದೇ ಕಂಟಕ. ಬ್ರೌಸರ್‌ನಿಂದ ಶೇರ್ ಮಾಡುವವರು ಬ್ರೌಸರ್‌ಗೇ ಹೀಗೆ ಮಾಡಿ.