ನಾಲ್ಕು ಆಂಟೆನಾ, ಮನೆಗೆ ಒಂದೇ ಕೇಬಲ್

ಕೊಡಗಿನ ತೋಟದ ಮನೆಯಲ್ಲಿ ಹ್ಯಾಮ್ ರೇಡಿಯೊ (ಹವ್ಯಾಸಕ್ಕಾಗಿ ದೂರದವರೊಡನೆ ಮಾತನಾಡುವ ರೇಡಿಯೊ) ಇಟ್ಟವರಿಗೆ ಆಂಟೆನಾ ಕಟ್ಟಲು ಕಂಬ ಹುಡುಕುವ ಕೆಲಸವಿಲ್ಲ. ಸಿಲ್ವರ್ ಓಕ್ ಮರಗಳು ಸಾಲಾಗಿ ನಿಂತಿರುತ್ತವೆ. ಕಷ್ಟವೆಲ್ಲ ಕೇಬಲ್‌ನದು. ನನ್ನ ನಾಲ್ಕು ಆಂಟೆನಾಗಳು ಮನೆಯಿಂದ 50 ಮೀಟರ್ ಆಚೆ ಇವೆ. ಒಂದೊಂದಕ್ಕೂ ಬೇರೆ ಕೋಆಕ್ಸಿಯಲ್ ಕೇಬಲ್ ಎಳೆದರೆ 200 ಮೀಟರ್ ಬೇಕು. ಅಷ್ಟು ದುಡ್ಡನ್ನು ಸುಮ್ನೆ ಕಾಫಿ ಗಿಡಗಳ ನಡುವೆ ಹಾಸಿಬಿಡೋದಾ? ಮರದ ಬುಡದಲ್ಲಿ ಒಂದು ರಿಲೇ (ಕರೆಂಟ್ ಕೊಟ್ಟಾಗ ತಿರುಗುವ ಸ್ವಿಚ್) ಡಬ್ಬಿ ಇಟ್ಟರೆ ಮನೆಗೆ ಒಂದೇ ಕೇಬಲ್ ಸಾಕು. ಯಾವ ಆಂಟೆನಾ ಬೇಕೋ ಅದನ್ನು ಕೂತಲ್ಲೇ ಆರಿಸಬಹುದು.

ಬೇಕಾದ ಸಾಮಾನು: ಅಲ್ಯೂಮಿನಿಯಂ ಡಬ್ಬಿ, ಕೋಆಕ್ಸಿಯಲ್ ಕೇಬಲ್ ಸಿಕ್ಕಿಸುವ ಐದು ಎಸ್‌ಒ-239 ಸಾಕೆಟ್, 10 ಆಂಪಿಯರ್ ತಡೆಯುವ ನಾಲ್ಕು 12 ವೋಲ್ಟ್ ರಿಲೇ, ನಾಲ್ಕು 1ಎನ್4007 ಡಯೋಡ್, ನಾಲ್ಕು 0.01 ಮೈಕ್ರೊಫ್ಯಾರಡ್ ಕೆಪಾಸಿಟರ್. 100 ವ್ಯಾಟ್ ಕಳಿಸಿದಾಗ 50 ಓಮ್ ಕೇಬಲ್‌ನಲ್ಲಿ ಹರಿಯುವುದು ಸುಮಾರು 1.4 ಆಂಪಿಯರ್. ಹಾಗಾಗಿ ಈ ರಿಲೇ ಧಾರಾಳವಾಯಿತು.

ರೇಡಿಯೊ ಕಡೆಯ ಸಾಕೆಟ್ ಮಧ್ಯದಲ್ಲಿರಲಿ, ಆಂಟೆನಾ ಸಾಕೆಟ್‌ಗಳು ಸುತ್ತ ಬರಲಿ. ಪ್ರತಿ ರಿಲೇಯ ಕಾಮನ್ ಕಾಲು ಆಂಟೆನಾಕ್ಕೆ, ಎನ್‌ಒ ಕಾಲು (ಕರೆಂಟ್ ಕೊಟ್ಟಾಗ ಮಾತ್ರ ಕಾಮನ್‌ಗೆ ಸೇರುವುದು) ಮಧ್ಯದ ಸಾಕೆಟ್‌ಗೆ, ಎನ್‌ಸಿ ಕಾಲು (ಕರೆಂಟ್ ಇಲ್ಲದಾಗ ಸೇರಿರುವುದು) ಡಬ್ಬಿಯ ಮೈಗೆ. ಡಬ್ಬಿಯನ್ನು ಪಕ್ಕದಲ್ಲೇ ನೆಲಕ್ಕೆ ಹೊಡೆದ ಅರ್ತ್ ರಾಡ್‌ಗೆ ಕಟ್ಟಿ. ಹೀಗೆ ಮಾಡಿದರೆ ಬಳಸದ ಆಂಟೆನಾಗಳು ತಾವಾಗಿಯೇ ಅರ್ತ್ ಆಗಿರುತ್ತವೆ. ಒಳಗಿನ ತಂತಿಗಳನ್ನು ಆದಷ್ಟು ಗಿಡ್ಡ ಮಾಡಿ. 30 ಮೆಗಾಹರ್ಟ್ಸ್‌ವರೆಗೆ ಇದು ಚೆನ್ನಾಗಿ ನಡೆಯುತ್ತದೆ. 144 ಮೆಗಾಹರ್ಟ್ಸ್‌ಗೆ ಆಗದು, ಅದಕ್ಕೆ ಕೋಆಕ್ಸಿಯಲ್ ರಿಲೇಯೇ ಬೇಕು.

ಪ್ರತಿ ರಿಲೇಯ ಕಾಯಿಲ್‌ಗೆ (ಒಳಗಿನ ತಂತಿ ಸುರುಳಿಗೆ) ಅಡ್ಡಲಾಗಿ ಒಂದು ಡಯೋಡ್, ಒಂದು ಕೆಪಾಸಿಟರ್ ಬೆಸುಗೆ ಹಾಕಿ. ಡಯೋಡ್‌ನ ಬಿಳಿ ಪಟ್ಟಿ ಪ್ಲಸ್ ಕಡೆಗಿರಲಿ.

ಮನೆಯಿಂದ ಡಬ್ಬಿಗೆ ಕಂಟ್ರೋಲ್ ತಂತಿಯಾಗಿ ಇಂಟರ್ನೆಟ್‌ಗೆ ಎಳೆಯುವ ಕ್ಯಾಟ್-5 ಕೇಬಲ್ ಸಾಕು. ಎಂಟು ಎಳೆಗಳಲ್ಲಿ ನಮಗೆ ಬೇಕಾದ್ದು ಐದು: ರಿಲೇಗೊಂದರಂತೆ ನಾಲ್ಕು, ಎಲ್ಲಕ್ಕೂ ಸೇರಿ ಒಂದು. ರಿಲೇ ಎಳೆಯುವ ಕರೆಂಟ್ ಸುಮಾರು 40 ಮಿಲಿಆಂಪಿಯರ್. 50 ಮೀಟರ್ ಹೋಗಿ ಬರುವಷ್ಟರಲ್ಲಿ ಅರ್ಧ ವೋಲ್ಟ್ ಕೂಡ ಕಳೆಯುವುದಿಲ್ಲ. ಮನೆಯಲ್ಲಿ ಒಂದು ರೋಟರಿ ಸ್ವಿಚ್, ಒಂದು 12 ವೋಲ್ಟ್ ಬ್ಯಾಟರಿ. ವೈಫೈ ಬೋರ್ಡ್ ಹಾಕಿ ಮೊಬೈಲ್‌ನಲ್ಲಿ ನಡೆಸುವವರೂ ಇದ್ದಾರೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕರೆಂಟ್ ಹೋದರೆ ರೌಟರ್ ಮಲಗುತ್ತದೆ, ನನ್ನ ಸ್ವಿಚ್ ಮಲಗುವುದಿಲ್ಲ.

ಇಷ್ಟು ಒಂದು ಭಾನುವಾರದ ಕೆಲಸ. ಅಸಲಿ ಕೆಲಸ ನೀರನ್ನು ಹೊರಗಿಡುವುದು. ಮೊದಲ ಡಬ್ಬಿಗೆ ಸಿಲಿಕೋನ್ ಮೆತ್ತಿ ಸುತ್ತಲೂ ಬಿಗಿಯಾಗಿ ಮುಚ್ಚಿದ್ದೆ. ಮಳೆಗಾಲ ಮುಗಿದ ಮೇಲೆ ತೆರೆದರೆ ತಳದಲ್ಲಿ ಬೆರಳು ಅದ್ದುವಷ್ಟು ನೀರು, ಬೆಸುಗೆಯ ಮೇಲೆ ಹಸಿರು ಕಿಲುಬು, ಒಂದು ಮೂಲೆಯಲ್ಲಿ ಮೊಟ್ಟೆ ಸಮೇತ ಇರುವೆ ಸಂಸಾರ. ನೀರು ಸೋರಿ ಬಂದಿರಲಿಲ್ಲ. ಒಳಗಿನ ತೇವದ ಗಾಳಿ ರಾತ್ರಿಯ ತಂಪಿಗೆ ಬೆವರಿತ್ತು, ಹೊರಗೆ ಹೋಗಲು ದಾರಿ ಇರಲಿಲ್ಲ. ಈಗ ಸಾಕೆಟ್‌ಗಳೆಲ್ಲ ಕೆಳಮುಖ. ತಳದಲ್ಲಿ 3 ಮಿಲಿಮೀಟರ್ ತೂತು, ಅದಕ್ಕೆ ಒಳಗಿನಿಂದ ಸಣ್ಣ ಜಾಲರಿ. ಕೇಬಲ್‌ಗಳು ಡಬ್ಬಿಗಿಂತ ಕೆಳಗೆ ಇಳಿದು, ಬಾಗಿ ಮೇಲೆ ಬರುತ್ತವೆ, ಹನಿ ಆ ಬಾಗಿನಲ್ಲೇ ಬೀಳುತ್ತದೆ. ಕನೆಕ್ಟರ್‌ಗಳಿಗೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸುತ್ತು ಬರಬೇಕು. ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್.

ಡಬ್ಬಿಯನ್ನು ಮರದ ಬುಡದಲ್ಲಿ ಕೂರಿಸುವ ಮೊದಲು ಪ್ರತಿ ಆಂಟೆನಾ ಸಾಕೆಟ್‌ಗೂ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಹಾಕಿ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಅಳತೆ) ನೋಡಿ. 1ರ ಹತ್ತಿರ ಬರಬೇಕು, ಜಾಸ್ತಿ ತೋರಿಸಿದರೆ ಬೆಸುಗೆ ನೋಡಿ. ಮಾತನಾಡುತ್ತಿರುವಾಗ ಸ್ವಿಚ್ ತಿರುಗಿಸಬೇಡಿ, ರಿಲೇ ಒಳಗೆ ಕಿಡಿ ಹಾರಿ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಗುಡುಗು ಕೇಳಿಸುವ ಮೊದಲೇ, ಮೋಡ ಕಪ್ಪಾದಾಗಲೇ, ರೇಡಿಯೊ ಹಿಂದಿನ ಕೇಬಲ್ ಕಳಚಿ. ಕ್ಯಾಟ್-5 ತಂತಿಯನ್ನೂ ಕಳಚಿ. ಅದನ್ನು ಎಲ್ಲರೂ ಮರೆಯುತ್ತಾರೆ.