ಹತ್ತು ವರ್ಷ ದೂರದ ಪತ್ರ

ನನ್ನ ಕಾದಂಬರಿಯ ಮೊದಲ ಪ್ರತಿಯಲ್ಲಿ ಮಲ್ಲು 25 ವರ್ಷ ಹಿಂದಕ್ಕೆ ಹೋಗುತ್ತಾನೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು, ಗೆಳತಿ ಶೈಲಾಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಡುತ್ತಾನೆ. 200 ಪುಟ ಬರೆದಾದ ಮೇಲೆ ಓದಿ ನೋಡಿದೆ. ಅಲ್ಲಿಗೆ ಬರುತ್ತಲೇ ಕಥೆ ಸಪ್ಪಗಾಗಿತ್ತು. ಯಾವಾಗ ಬೇಕಾದರೂ ಹಿಂದೆ ಹೋಗಿ ಹೇಳಬಹುದು ಅಂದಮೇಲೆ, ಹೇಳದೇ ಉಳಿದದ್ದಕ್ಕೆ ನೋವಾದರೂ ಯಾಕೆ ಇರಬೇಕು?

ನಾನು ವಿಜಯಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಐದರಿಂದ ಆರೂವರೆ, ಬರೆಯೋಕೆ ಸಿಗುವುದು ಅಷ್ಟೇ ಹೊತ್ತು. ಆದರೂ ಆ ಪ್ರತಿಯನ್ನು ಕಟ್ಟಿಟ್ಟು ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಹಿಂದಕ್ಕೆ ದಾರಿಯಿಲ್ಲ, ಮುಂದಕ್ಕೆ ಮಾತ್ರ.

ಮುಂದಕ್ಕೆ ಹೋಗುವುದು ಸುಮ್ನೆ ಕಟ್ಟಿದ ಮಾತಲ್ಲ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲೇ ತೋರಿಸಿದ್ದರು. 1971ರಲ್ಲಿ ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ ಪೂರ್ವಕ್ಕೆ ಭೂಮಿ ಸುತ್ತಿಸಿ ತಂದಾಗ ಸುಮಾರು 59 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ 59 ಪಾಲು, ಹಿಂದೆ ಬಿದ್ದಿದ್ದವು. ಈ ಸಲ ಹೋಗುವವಳು ಶೈಲಾ. ಅವಳ ಬಾಹ್ಯಾಕಾಶ ನೌಕೆ ಬೆಳಕಿನ ವೇಗದ 80 ಶೇಕಡಾದಲ್ಲಿ ಹೋಗುತ್ತದೆ. ಆ ನೌಕೆಯೊಂದು ಕಲ್ಪನೆ, ಲೆಕ್ಕ ನಿಜ. 2010ರಲ್ಲಿ ಇಬ್ಬರಿಗೂ 30. ಅವಳು 2035ಕ್ಕೆ ಮರಳಿದಾಗ ಊರಿನಲ್ಲಿ 25 ವರ್ಷ ಕಳೆದಿರುತ್ತದೆ, ಅವಳಿಗೆ ಬರೀ 15. ಅವನಿಗೆ 55, ಅವಳಿಗೆ 45.

ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಎರಡು ಸಾಲು ಎಳೆದೆ, ಅವನ ವರ್ಷ, ಅವಳ ವರ್ಷ. ನಡುವೆ ಪತ್ರಗಳ ಗೆರೆ ಎಳೆಯುವಾಗ ನನ್ನ ಕೈ ನಿಂತಿತು. ಅವಳು ತಿರುಗುವ ಜಾಗ 10 ಬೆಳಕಿನ ವರ್ಷ ದೂರ, ಅಂದರೆ ಬೆಳಕಿಗೂ, ಬೆಳಕಿನ ವೇಗದಲ್ಲೇ ಹೋಗುವ ಪತ್ರಕ್ಕೂ ಹತ್ತು ವರ್ಷದ ದಾರಿ. ಅಲ್ಲಿಗೆ ಮುಟ್ಟುವುದು ಹತ್ತು ವರ್ಷ ಹಳೆಯ ಪತ್ರ! ಅಷ್ಟೊತ್ತಿಗೆ ಅವಳಿಗೆ ಏಳೂವರೆ ವರ್ಷ ಕಳೆದಿದೆ, ಕೈಗೆ ಬಂದದ್ದು ಮೊದಲ ಎರಡೂವರೆ ವರ್ಷದ ಪತ್ರಗಳು ಮಾತ್ರ. ಅವನು ತಿಂಗಳಿಗೊಂದು ಬರೆದರೂ ಅವಳಿಗೆ ಮೂರು ತಿಂಗಳಿಗೊಂದು. ಮರಳುವಾಗ ಉಲ್ಟಾ, ತಿಂಗಳಿಗೆ ಮೂರು. ಉಳಿದ ಇಪ್ಪತ್ತೆರಡೂವರೆ ವರ್ಷ ಅವಳ ಮೇಲೆ ಮಳೆಯ ಹಾಗೆ ಸುರಿಯುತ್ತದೆ.

ಇಡೀ ಕಾದಂಬರಿಗೆ ಜೀವ ಬಂದದ್ದು ಇಲ್ಲಿಂದ. ಪತ್ರಗಳನ್ನು ಬರೆಯೋಕೆ ಏಳು ತಿಂಗಳು ಹಿಡಿಯಿತು. ಪ್ರತಿ ಸಲ ತಿದ್ದುವಾಗ ಪ್ರೀತಿಯ ವಾಸನೆ ಬರುವ ಒಂದೊಂದೇ ಶಬ್ದ ತೆಗೆದೆ. ಕೊನೆಗೆ ಉಳಿದದ್ದು ಇಷ್ಟು: "ನಿಮ್ಮವ್ವ ಆರಾಮ ಅದಾಳ. ಈ ಸಲ ಬಿಳಿಜ್ವಾಳ ಚಲೋ ಬಂದೈತಿ. ನೀ ಬಂದ ಮ್ಯಾಲ ಚಾ ಕುಡಿಯೂಣು." ವಾರಕ್ಕೊಮ್ಮೆ ಅವಳ ಅವ್ವನನ್ನು ನೋಡಿಬರುತ್ತೇನೆ ಎಂದು ಅವನು ಎಲ್ಲೂ ಬರೆಯುವುದಿಲ್ಲ. ಮರುಪಯಣದ ಮೊದಲ ವರ್ಷದಲ್ಲೇ ಪತ್ರದ ಮೇಲಿನ 'ಬಿಜಾಪುರ' ಹೋಗಿ 'ವಿಜಯಪುರ' ಆಗುತ್ತದೆ. ಊರಿನ ಹೆಸರು 2014ರ ನವೆಂಬರ್ 1ರಂದು ಬದಲಾಯಿತಲ್ವಾ, ಅದನ್ನೇ ಬಳಸಿಕೊಂಡೆ. ಆಮೇಲೊಂದು ದಿನ, "ಅವ್ವ ಹೋದಳು. ಎಲ್ಲಾ ನಾನ ನಿಂತು ಮಾಡೀನಿ."

ಕೊನೆಯ ಅಧ್ಯಾಯಕ್ಕೆ ಅದೇ ಗ್ಯಾಲರಿ ಬೇಕಿತ್ತು. ಶಾಲೆ ಮಕ್ಕಳ ಗದ್ದಲ ಶುರುವಾಗುವ ಮುಂಚೆ ಬೆಳಿಗ್ಗೆ ನಾಲ್ಕು ಸಲ ಹತ್ತಿದೆ. ಗೋಡೆಗೆ ಕಿವಿಯಿಟ್ಟು ಕೂತೆ. ಆ ಬದಿಯ ಪಿಸುಮಾತು ಈ ಬದಿಗೆ ಬರೋಕೆ ಸೆಕೆಂಡಿನ ಐದನೇ ಒಂದು ಭಾಗವೂ ಬೇಡ. ಹತ್ತು ವರ್ಷ ದೂರ ಇದ್ದವರ ನಡುವೆ ಈಗ ಅಷ್ಟೇ ಉಳಿದಿದೆ.

ಅವಳು ಗೋಡೆಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾಳೆ. ಪಿಸುಗುಡಲು ಬಾಗಿದ ಮಲ್ಲು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾನೆ. ಆಮೇಲೆ ನೆಟ್ಟಗಾಗಿ ಜೋರಾಗಿಯೇ ಕೇಳುತ್ತಾನೆ: "ಚಾ ಕುಡಿಯೂಣು?"

ಗುಮ್ಮಟ ಅದನ್ನೇ ಏಳು ಸಲ ಕೇಳುತ್ತದೆ.