ಸ್ಲೀಪ್‌ಗೆ ಹೋದ ಲಿನಕ್ಸ್ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯೇ? ಡಿಸ್ಕನ್ನು ಪರೀಕ್ಷಿಸುವುದು ಹೀಗೆ
ಲ್ಯಾಪ್‌ಟಾಪ್‌ನ ಮುಚ್ಚಳ ತೆರೆದಾಗ ಪರದೆ ಬೆಳಗುತ್ತದೆ, ಮೌಸ್‌ನ ಬಾಣವೂ ಓಡಾಡುತ್ತದೆ, ಆದರೆ ಯಾವ ಪ್ರೋಗ್ರಾಂ ಕೂಡ ತೆರೆದುಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲವೂ ಹ್ಯಾಂಗ್ ಆಗಿ ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿಯಾಗುತ್ತದೆ. ಲಿನಕ್ಸ್‌ನಲ್ಲಿ ಈ ಲಕ್ಷಣ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಡಿಸ್ಕನ್ನು. ರ‍್ಯಾಮ್‌ನಲ್ಲಿ ಆಗಲೇ ಇರುವ ಪ್ರೋಗ್ರಾಂಗಳು ಡಿಸ್ಕ್ ಇಲ್ಲದೆಯೂ ಕೆಲಕಾಲ ನಡೆಯುತ್ತವೆ, ಹೊಸ ಫೈಲನ್ನು ಓದಬೇಕಾದಾಗಲೇ ಅವು ಸಿಕ್ಕಿಬೀಳುತ್ತವೆ. ಪರದೆ ಪೂರ್ತಿ ಕಪ್ಪಾಗಿದ್ದರೆ ಇನ್ನೊಂದು ಕಂಪ್ಯೂಟರ್‌ನಿಂದ ಪಿಂಗ್ ಮಾಡಿ (ನೆಟ್‌ವರ್ಕ್ ಮೂಲಕ ಸಣ್ಣ ಸಂದೇಶ ಕಳುಹಿಸಿ ಉತ್ತರ ಬರುತ್ತದೆಯೇ ಎಂದು) ನೋಡಬಹುದು: ಪಿಂಗ್‌ಗೆ ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಉತ್ತರಿಸುತ್ತದೆ, ಅದಕ್ಕೆ ಡಿಸ್ಕ್ ಬೇಕಿಲ್ಲ, ಇನ್ನೊಂದು ಕಂಪ್ಯೂಟರ್‌ನಿಂದ ಒಳಹೊಗುವ ಎಸ್‌ಎಸ್‌ಎಚ್ ಲಾಗಿನ್‌ಗೆ ಸಾಮಾನ್ಯವಾಗಿ ಬೇಕು. ಮೊದಲನೆಯದು ಉತ್ತರಿಸಿ ಎರಡನೆಯದು ಮಾತ್ರ ನಿಂತುಹೋದರೆ ಅನುಮಾನ ಬಲವಾಗುತ್ತದೆ.

ಪ್ರಯೋಗಕ್ಕೆ ಇಳಿಯುವ ಮುನ್ನ ಮುಖ್ಯ ಫೈಲ್‌ಗಳನ್ನು ಬೇರೊಂದು ಡಿಸ್ಕಿಗೆ ಬ್ಯಾಕಪ್ ಮಾಡಿಕೊಳ್ಳುವುದು ಕಡ್ಡಾಯ.

ಈ ದೋಷವನ್ನು ಹಿಡಿಯುವುದು ಕಷ್ಟವಾಗುವುದಕ್ಕೆ ಕಾರಣವೊಂದಿದೆ. ಕೈಕೊಟ್ಟಿರುವುದು ಡಿಸ್ಕೇ ಆದಾಗ, ಅದು ಕೈಕೊಟ್ಟ ಸುದ್ದಿಯನ್ನು ಬರೆದಿಡಲು ಜಾಗವೇ ಇರುವುದಿಲ್ಲ. ಹೀಗಾಗಿ ಮರುದಿನ ಸಿಸ್ಟಂನ ದಾಖಲೆಯಾದ ಜರ್ನಲ್ ತೆರೆದರೆ ‘ಸಸ್ಪೆಂಡ್ (ಅಂದರೆ ಸ್ಲೀಪ್) ಆರಂಭ’ ಎಂಬ ಸಾಲಿಗೆ ದಾಖಲೆ ಮುಗಿದಿರುತ್ತದೆ, ಮುಂದೆ ಏನೂ ಇರುವುದಿಲ್ಲ. ಆದ್ದರಿಂದ ಸಾಕ್ಷಿಯನ್ನು ಡಿಸ್ಕಿನ ಹೊರಗೆ ಉಳಿಸಿಕೊಳ್ಳುವ ವ್ಯವಸ್ಥೆ ಮೊದಲು ಆಗಬೇಕು. ಸ್ಲೀಪ್‌ಗೆ ಕಳುಹಿಸುವ ಮುನ್ನ ಟರ್ಮಿನಲ್‌ನಲ್ಲಿ ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ಆದೇಶವನ್ನು ಹೊಸ ಸಾಲುಗಳಿಗಾಗಿ ಕಾಯುವ ಆಯ್ಕೆಯೊಂದಿಗೆ (--follow) ಓಡಿಸಿಟ್ಟರೆ, ಅದು ಆಗಲೇ ರ‍್ಯಾಮ್‌ನಲ್ಲಿ ಇರುವುದರಿಂದ, ಎಚ್ಚರವಾದ ಮೇಲೆ ಕರ್ನಲ್‌ನ ಸಂದೇಶಗಳು ಸಾಮಾನ್ಯವಾಗಿ ಅಲ್ಲೇ ಕಾಣುತ್ತವೆ. ಅವುಗಳನ್ನು ಫೋನ್‌ನಲ್ಲಿ ಫೋಟೊ ತೆಗೆದುಕೊಂಡರೆ ಸಾಕು. ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಡಿಸ್ಕಿನ ಒಂದು ಬಗೆ) ಕಂಟ್ರೋಲರ್ ‘ಡೌನ್’ ಆಗಿದೆ ಎಂಬ ಸಾಲಿನ ಜೊತೆಗೆ ಸ್ಥಿತಿಯ ಅಂಕಿಗಳಲ್ಲಿ ‘ಎಫ್’ ಅಕ್ಷರಗಳೇ ತುಂಬಿದ್ದರೆ, ಸಾಧನಗಳನ್ನು ಜೋಡಿಸುವ ಪಿಸಿಐ ಬಸ್‌ನಲ್ಲಿ ಆ ಡಿಸ್ಕ್ ಉತ್ತರ ಕೊಡುವುದನ್ನೇ ನಿಲ್ಲಿಸಿದೆ ಎಂದು ತಿಳಿಯಬೇಕು.

ಮುಂದಿನ ಹೆಜ್ಜೆ, ಯಾವ ಹಂತದಲ್ಲಿ ಸಿಕ್ಕಿಬೀಳುತ್ತಿದೆ ಎಂಬುದನ್ನು ಕಿರಿದುಗೊಳಿಸುವುದು. ಸಿಸ್ ಡೈರೆಕ್ಟರಿಯ ಪವರ್ ಫೋಲ್ಡರ್‌ನಲ್ಲಿರುವ ‘ಪಿಎಂ_ಟೆಸ್ಟ್’ (/sys/power/pm_test) ಎಂಬ ಫೈಲಿಗೆ, ಕರ್ನಲ್ ಅದನ್ನು ಒದಗಿಸಿದ್ದರೆ, ರೂಟ್ ಅಧಿಕಾರದಿಂದ ‘ಡಿವೈಸಸ್’ (devices) ಎಂದು ಬರೆದು ಸಸ್ಪೆಂಡ್ ಮಾಡಿದರೆ, ಕರ್ನಲ್ ಸಾಧನಗಳನ್ನು ಮಾತ್ರ ಮಲಗಿಸಿ ಸುಮಾರು 5 ಸೆಕೆಂಡು ಕಾದು ಮತ್ತೆ ಎಬ್ಬಿಸುತ್ತದೆ. ಇಲ್ಲಿಯೇ ಹ್ಯಾಂಗ್ ಆದರೆ ತಪ್ಪು ಯಾವುದೋ ಸಾಧನದ ಡ್ರೈವರ್‌ನಲ್ಲಿದೆ. ಇಲ್ಲಿ ಪಾರಾಗಿ ನಿಜವಾದ ಸ್ಲೀಪ್‌ನಲ್ಲಿ ಮಾತ್ರ ಸೋತರೆ ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಥವಾ ಡಿಸ್ಕಿನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಕಡೆಗೆ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಆ ಫೈಲಿಗೆ ‘ನನ್’ (none) ಎಂದು ಬರೆಯುವುದನ್ನು ಮರೆಯಬಾರದು.

ಅದೇ ಫೋಲ್ಡರ್‌ನ ‘ಮೆಮ್_ಸ್ಲೀಪ್’ (mem_sleep) ಫೈಲು ಯಾವ ಬಗೆಯ ನಿದ್ರೆ ಬಳಕೆಯಲ್ಲಿದೆ ಎಂಬುದನ್ನು ಚೌಕ ಕಂಸದೊಳಗೆ ತೋರಿಸುತ್ತದೆ. ‘ಎಸ್2ಐಡಲ್’ (s2idle) ಬಗೆಯಲ್ಲಿ ಪ್ರತಿ ಸಾಧನವೂ ತಾನೇ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಹೋಗಿ ತಾನೇ ಮರಳಬೇಕು. ‘ಡೀಪ್’ (deep) ಬಗೆಯಲ್ಲಿ ರ‍್ಯಾಮ್ ಬಿಟ್ಟು ಬಹುತೇಕ ಎಲ್ಲದರ ವಿದ್ಯುತ್ತನ್ನು ಫರ್ಮ್‌ವೇರ್ ಕಡಿಯುತ್ತದೆ. ಎರಡೂ ಲಭ್ಯವಿದ್ದರೆ ಬದಲಿಸಿ ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಮೊದಲನೆಯದಷ್ಟೇ ಇರುತ್ತದೆ.

ಅದರಿಂದಲೂ ಪ್ರಯೋಜನವಾಗದಿದ್ದರೆ, ಬೂಟ್ ಹೊತ್ತಿನಲ್ಲಿ ಕರ್ನಲ್‌ಗೆ ಕೊಡುವ ಸೂಚನೆಗಳಾದ ಕರ್ನಲ್ ಪ್ಯಾರಾಮೀಟರ್‌ಗಳಿಗೆ ಬರಬೇಕು. ಕಂಪ್ಯೂಟರ್ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ (e) ಕೀಲಿ ಒತ್ತಿ, ಲಿನಕ್ಸ್ (linux) ಎಂದು ಆರಂಭವಾಗುವ ಸಾಲಿನ ತುದಿಗೆ ಸೇರಿಸಿದ್ದು ಆ ಒಂದು ಬೂಟ್‌ಗಷ್ಟೇ ಅನ್ವಯಿಸುವುದರಿಂದ ಅಪಾಯವಿಲ್ಲ. ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’ (nvme_core.default_ps_max_latency_us=0) ಎಂಬುದು, 2017ರ 4.11 ಆವೃತ್ತಿಯಿಂದ ಲಿನಕ್ಸ್ ಬಳಸುತ್ತಿರುವ, ಡಿಸ್ಕ್ ತಾನಾಗಿಯೇ ವಿದ್ಯುತ್ ಉಳಿಸುವ ಎಪಿಎಸ್‌ಟಿ ಸೌಲಭ್ಯವನ್ನು ನಿಲ್ಲಿಸುತ್ತದೆ. ‘ಎನ್‌ವಿಎಂಇ.ನೋಎಸಿಪಿಐ=1’ (nvme.noacpi=1) ಎಂಬುದು ಸ್ಲೀಪ್ ಹೊತ್ತಿನಲ್ಲಿ ಡಿಸ್ಕನ್ನು ಹೇಗೆ ಮಲಗಿಸಬೇಕೆಂದು ಬಯಾಸ್ ಕೊಟ್ಟ ಸೂಚನೆಯನ್ನು ಡ್ರೈವರ್ ಲೆಕ್ಕಿಸದಂತೆ ಮಾಡುತ್ತದೆ. ‘ಪಿಸಿಐಇ_ಎಎಸ್‌ಪಿಎಂ=ಆಫ್’ (pcie_aspm=off) ಮೂರನೆಯದು, ಪಿಸಿಐ ಸಂಪರ್ಕದ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಕರ್ನಲ್ ಮುಟ್ಟದಂತೆ ಮಾಡುವಂಥದ್ದು. ಮೂರನ್ನೂ ಒಟ್ಟಿಗೆ ಸೇರಿಸಿ ‘ಸರಿಹೋಯಿತು’ ಎನ್ನುವವರೇ ಹೆಚ್ಚು, ಆದರೆ ಹಾಗೆ ಮಾಡಿದರೆ ಬ್ಯಾಟರಿ ಬೇಗ ಖಾಲಿಯಾಗಬಹುದು, ರೋಗ ಯಾವುದೆಂದೂ ತಿಳಿಯುವುದಿಲ್ಲ. ಒಂದು ಬೂಟ್‌ಗೆ ಒಂದೇ ಬದಲಾವಣೆ ಇರಲಿ, ಪ್ರತಿ ಬಾರಿಯೂ, ಮಲಗಿಸಿ ನಿಗದಿತ ಹೊತ್ತಿಗೆ ತಾನೇ ಎಬ್ಬಿಸುವ ‘ಆರ್‌ಟಿಸಿವೇಕ್’ (rtcwake) ಆದೇಶದಿಂದ ಒಂದು ನಿಮಿಷದ ಸ್ಲೀಪ್ ಹಲವು ಸಲ ಮಾಡಿ ನೋಡಿ. ಎಂದೋ ಒಮ್ಮೆ ಬರುವ ದೋಷ ಒಂದೇ ಪ್ರಯತ್ನದಲ್ಲಿ ಕಾಣಿಸುವುದಿಲ್ಲ.

ಎನ್‌ವಿಎಂಇ ಅಲ್ಲದೆ ಹಳೆಯ ಬಗೆಯ ಸಾಟಾ ಡಿಸ್ಕ್ ಆಗಿದ್ದರೆ, ಅದರ ಸಂಪರ್ಕದ ವಿದ್ಯುತ್ ಉಳಿತಾಯವನ್ನು ನಿರ್ಧರಿಸುವ ಲಿಂಕ್ ಪವರ್ ಮ್ಯಾನೇಜ್‌ಮೆಂಟ್ ನೀತಿಯನ್ನು ‘ಮ್ಯಾಕ್ಸ್_ಪರ್ಫಾರ್ಮೆನ್ಸ್’ (max_performance) ಸ್ಥಿತಿಗೆ ಇಟ್ಟು ನೋಡಬಹುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಅಂಶವಾದ, ಮಾಹಿತಿ ಸಾಗುವಾಗ ಕೆಡುವುದನ್ನು ಎಣಿಸುವ ಸಿಆರ್‌ಸಿ ದೋಷಗಳ ಸಂಖ್ಯೆ ಏರುತ್ತಲೇ ಇದ್ದರೆ ಕೇಬಲ್ ಬದಲಿಸಿ, ಸಾಫ್ಟ್‌ವೇರ್ ಮುಟ್ಟಬೇಡಿ.

ಪರಿಹಾರ ಖಚಿತವಾದ ಮೇಲೆ ಆ ಪ್ಯಾರಾಮೀಟರನ್ನು ಗ್ರಬ್‌ನ ಸಂರಚನಾ ಫೈಲಿಗೆ ಸೇರಿಸಿ, ಗ್ರಬ್ ಅನ್ನು ಅಪ್‌ಡೇಟ್ ಮಾಡಿ ಕಾಯಂಗೊಳಿಸಬಹುದು. ಡಿಸ್ಕಿಗೋ ಬಯಾಸ್‌ಗೋ ಹೊಸ ಫರ್ಮ್‌ವೇರ್ ಬಂದಿದೆಯೇ ಎಂದು, ಲಿನಕ್ಸ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ‘ಎಫ್‌ಡಬ್ಲ್ಯುಯುಪಿಡಿ’ (fwupd) ಮೂಲಕ ನೋಡುತ್ತಿರಿ. ಫರ್ಮ್‌ವೇರ್ ಅಥವಾ ಕರ್ನಲ್ ಬದಲಾದಾಗ ಒಮ್ಮೆ ಆ ಪ್ಯಾರಾಮೀಟರ್ ತೆಗೆದು ಪರೀಕ್ಷಿಸಿ, ದೋಷ ಮರುಕಳಿಸದಿದ್ದರೆ ಅದನ್ನು ಅಳಿಸಿಹಾಕಿ.